ಎದುರು ಮನೆಯ ಅಜ್ಜಿಯ ಕಾಲುಚೀಲ

ಕಳೆದ ತಿಂಗಳು ನಮ್ಮ ಆಫೀಸಿನ ಏಸಿ ಸೋರಿತು. ಸೋರಿದ್ದು ಸೀದಾ ಪಕ್ಕದ ಮೇಜಿನ ಒಮಾನಿ ಹುಡುಗಿ ಕಾಲಡಿಗೆ ಹಾಸಿಕೊಂಡಿದ್ದ ಉಣ್ಣೆಯ ಜಮಖಾನದ ಮೇಲೆ. ಅವಳ ಅಜ್ಜ ಜಬಲ್ ಶಮ್ಸ್ ಬೆಟ್ಟದ ಕಡೆಯವರು, ತಾವೇ ನೂತು ನೇಯ್ದದ್ದಂತೆ. ಎರಡು ದಿನದ ರಜೆ ಮುಗಿಸಿ ಭಾನುವಾರ ಬಾಗಿಲು ತೆಗೆದರೆ ಒಳಗೆಲ್ಲ ಒದ್ದೆ ಕುರಿಯ ವಾಸನೆ. ಒಬ್ಬರು ಮೂಗು ಮುಚ್ಚಿಕೊಂಡರು, ಇನ್ನೊಬ್ಬರು ಬಖೂರ್ ಧೂಪದ ಹೊಗೆ ಹಾಕಿದರು. ನಾನು ಮಾತ್ರ ಚೀಲವನ್ನೂ ಕೆಳಗಿಡದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆ ವಾಸನೆಯನ್ನು ನಾನು ಮಸ್ಕತ್ತಿನಲ್ಲಿ ಇನ್ನೊಂದೇ ಕಡೆ ಮೂಸಿದ್ದು... ದಾರ್ಸೈಟಿನ ನಮ್ಮ ಹಳೆಯ ಫ್ಲಾಟಿನ ಎದುರು ಬಾಗಿಲಿನಲ್ಲಿ.

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾವು ನಾಲ್ಕನೇ ಮಹಡಿಯಲ್ಲಿದ್ದೆವು. ನಮ್ಮವರಿಗೆ ಒಳನಾಡಿನ ಸೈಟಿನಲ್ಲಿ ಕೆಲಸ. ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ. ನನಗೆ ಘಾಲಾದ ಒಂದು ಕನ್ಸಲ್ಟೆನ್ಸಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ, ಈಗಲೂ ಅದೇ. ಕೇಳಲಿಕ್ಕೆ ದೊಡ್ಡ ಹೆಸರು. ಎಂಜಿನಿಯರುಗಳು ಕಳಿಸುವ ಡ್ರಾಯಿಂಗುಗಳಲ್ಲಿ ನಂಬರು ತಪ್ಪಿದೆಯೇ, ಒಂದು ಹಾಳೆಗೂ ಇನ್ನೊಂದು ಹಾಳೆಗೂ ತಾಳೆಯಾಗುತ್ತದೆಯೇ ಎಂದು ನೋಡಿ ಸರಿ ಮಾಡಿಸುವುದು. ಇತರರ ತಪ್ಪು ಹುಡುಕುವುದೇ ಹೊಟ್ಟೆಪಾಡು ಅನ್ನಿ. ಸಂಜೆ ಮನೆಗೆ ಬರುವ ಹೊತ್ತಿಗೆ ಕಣ್ಣು ಉರಿಯುತ್ತಿತ್ತು, ಕಾಲು ಬಾತಿರುತ್ತಿತ್ತು, ಯಾರ ಮುಖವನ್ನೂ ನೋಡುವುದು ಬೇಡ ಅನಿಸುತ್ತಿತ್ತು.

ಹಾಗಿರುವಾಗ ಎದುರು ಮನೆಗೆ ಅಜ್ಜಿ ಬಂದರು. ಆ ಮನೆಯಲ್ಲಿದ್ದ ಹಿಮಾಚಲದ ಎಂಜಿನಿಯರಿನ ತಾಯಿ. ಚಳಿಗಾಲದಲ್ಲಿ ಆರು ತಿಂಗಳು ಹಿಮದಲ್ಲಿ ಮುಚ್ಚಿಹೋಗುವ ಒಂದು ಕಣಿವೆ ಅವರದ್ದು. ಕಣ್ಣಿಗೆ ಚಿಕಿತ್ಸೆ ಕೊಡಿಸೋಣವೆಂದು ಮಗ ಕರೆಸಿಕೊಂಡಿದ್ದ. ಹೆಂಡತಿಗೂ ಕೆಲಸ, ಹಗಲೆಲ್ಲ ಮನೆಯಲ್ಲಿ ಅಜ್ಜಿ ಒಬ್ಬರೇ. ಏಸಿ ಅವರಿಗೆ ಆಗುತ್ತಿರಲಿಲ್ಲವಾದ್ದರಿಂದ ಬಾಗಿಲು ತೆರೆದಿಟ್ಟುಕೊಂಡು ಹೊಸ್ತಿಲ ಹತ್ತಿರ ಮಣೆಯ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಐದು ಗಿಡ್ಡ ಸೂಜಿ, ಪಕ್ಕದಲ್ಲಿ ಎರಡು ಡಬ್ಬಿ. ಬಿಸ್ಕತ್ತಿನ ಡಬ್ಬಿಯಲ್ಲಿ ಕೆಂಪು ನೂಲು, ಹಾಲಿನ ಪುಡಿಯ ಡಬ್ಬಿಯಲ್ಲಿ ಬಿಳಿ. ಊರಿನ ಕುರಿಯ ಉಣ್ಣೆ, ಅಲ್ಲಿಂದಲೇ ಸೂಟ್‌ಕೇಸಿನಲ್ಲಿ ತಂದದ್ದು. ಅವರ ಬೆವರಿದ ಕೈಯಲ್ಲಿ ಅದು ಒದ್ದೆಯಾಗಿ ಇಡೀ ಪ್ಯಾಸೇಜು ಕುರಿದೊಡ್ಡಿಯ ವಾಸನೆ ಹೊಡೆಯುತ್ತಿತ್ತು. ಮೊದಮೊದಲು ನಾನು ಉಸಿರು ಬಿಗಿಹಿಡಿದು ದಾಟಿ ಹೋಗುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು.

ಒಂದು ದಿನ ಬಿಡಲಿಲ್ಲ. ನನ್ನ ಚಪ್ಪಲಿಯ ಸದ್ದು ಕೇಳಿ "ಬೇಟಿ" ಎಂದು ಕರೆದರು. ಕೈಯಲ್ಲಿದ್ದ ನೂಲನ್ನು ಮುಂದೆ ಹಿಡಿದು, ಇದು ಕೆಂಪೋ ಬಿಳಿಯೋ ಎಂದು ಕೇಳಿದರು. ಕೆಂಪು ಎಂದೆ. ಅಷ್ಟೂ ಕಾಣುವುದಿಲ್ಲವೇ ಎಂದುಕೊಂಡೆ. ನೂಲು ಡಬ್ಬಿ ಅದಲುಬದಲಾಗಿ ಒಂದು ಗೇಣು ಕಾಲುಚೀಲ ಪೂರ್ತಿ ಕೆಟ್ಟಿತ್ತು. ಅವರು ಬೇಸರವನ್ನೇನೂ ತೋರಿಸದೆ ಸರಸರನೆ ಬಿಚ್ಚತೊಡಗಿದರು.

ಹೆಣಿಗೆಯ ಮರ್ಮ ನನಗೆ ಅಷ್ಟಿಷ್ಟು ಗೊತ್ತಿತ್ತು. ಉಡುಪಿಯ ಹತ್ತಿರದ ನಮ್ಮ ಊರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಶನಿವಾರ ಮಧ್ಯಾಹ್ನ ಕ್ರೋಶಾವನ್ನೂ ಸೂಜಿಯ ಹೆಣಿಗೆಯನ್ನೂ ಕಲಿಸುತ್ತಿದ್ದರು, ಚರ್ಚಿನ ಪೀಠದ ಬಟ್ಟೆಗೆ ಲೇಸು, ಮಕ್ಕಳಿಗೆ ಉಣ್ಣೆಯ ಟೊಪ್ಪಿ. ಅಡಿಕೋಲು ಹಿಡಿದೇ ಕೂರುವ ಪೈಕಿ. ಒಂದು ಕುಣಿಕೆ ಆಚೀಚೆಯಾದರೂ ಅಷ್ಟನ್ನೂ ಬಿಚ್ಚಿಸುತ್ತಿದ್ದರು. ಇದನ್ನು ಅಜ್ಜಿಗೆ ನನ್ನ ಹರುಕುಮುರುಕು ಹಿಂದಿಯಲ್ಲಿ ಹೇಳಿದ್ದೇ ತಪ್ಪಾಯಿತು. ಅವರು ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ವಿಷಯ ಬಿಚ್ಚಿದರು.

ಅವರ ಊರಿನಲ್ಲಿ ಮನೆಯೊಳಗೆ ಬೂಟು ಹಾಕುವುದಿಲ್ಲವಂತೆ. ಚಳಿಗಾಲವಿಡೀ ಜನ ಒಲೆಯ ಸುತ್ತ ಕಾಲು ಚಾಚಿ ಕೂರುತ್ತಾರೆ. ಹಾಗಾಗಿ ಮುಖ ನೋಡುವ ಮೊದಲು ಕಾಲು ನೋಡುತ್ತಾರೆ ಎಂದು ನಕ್ಕರು. ಕಣಕಾಲಿನ ಸುತ್ತ ಬರುವ ಚಿತ್ತಾರದ ಪಟ್ಟಿಯಲ್ಲಿ ಮೆಟ್ಟಿಲು ಇರುತ್ತದೆ, ಎಂಟೆಸಳಿನ ಹೂ ಇರುತ್ತದೆ. ಮದುವೆಯಾಗುವ ಹುಡುಗಿ ಗಂಡಿನ ಕಡೆಯ ಹಿರಿಯರಿಗೆಲ್ಲ ಒಂದೊಂದು ಜೊತೆ ಹೆಣೆದು ಕೊಡಬೇಕು, ತನ್ನ ತವರಿನ ಪಟ್ಟಿಯನ್ನೇ ಹಾಕಬೇಕು. ಅಜ್ಜಿಯ ತಾಯಿಯ ಪಟ್ಟಿ ಈಗ ಅಜ್ಜಿಯೊಬ್ಬರಿಗೇ ಗೊತ್ತಿತ್ತು. ಊರಿನಲ್ಲಿದ್ದ ಮಗಳು ಸ್ಕೂಲ್ ಟೀಚರ್; ಓದು, ಕೆಲಸ ಎಂದು ಕಲಿಯಲಿಲ್ಲ. ಈಗ ಕಲಿಯುವ ಮನಸ್ಸಾಗಿದೆ, ಊರಿನ ಹೆಂಗಸರನ್ನು ಸೇರಿಸಿ ಹೆಣಿಗೆಯ ಗುಂಪು ಮಾಡಿದ್ದಾಳೆ. ಆದರೆ ಕಲಿಸುವವರಿಗೆ ಬಣ್ಣ ಕಾಣುವುದಿಲ್ಲ. ಹಳೆಯ ಜೊತೆಗಳು ಒಂದೂ ಉಳಿದಿರಲಿಲ್ಲ. ಹರಿದ ಕಾಲುಚೀಲವನ್ನು ಬಿಚ್ಚಿ ಅದೇ ಉಣ್ಣೆಯಿಂದ ಇನ್ನೊಂದನ್ನು ಹೆಣೆಯುವ ಜನ ಅವರು.

ನಾನು ಹೇಳುತ್ತೇನೆ, ನೀನು ಹೆಣೆ, ಬರೆದೂ ಕೊಡು ಎಂದರು. ಒಂದು ಜೊತೆ ಸಾಕು, ಮಗಳಿಗೆ ತಲುಪಿದರೆ ಆಯಿತು. ನನಗೆ ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೊರಗೆ ಬರಲಿಲ್ಲ.

ರಜೆಗೆ ಬಂದ ನಮ್ಮವರು ಸೋಫಾದ ಮೇಲೆ ಉಣ್ಣೆಯ ಉಂಡೆ ಕಂಡು ಹಣೆ ಚಚ್ಚಿಕೊಂಡರು. "ನಿಂಗೆ ಮರ್ಲುಂಟಾ ಮಾರಾಯ್ತಿ? ಈ ಸೆಕೆಗೆ ಉಣ್ಣೆಯ ಕಾಲುಚೀಲವಾ?" ಎಂದು ಕೇಳಿದರು. ಹೊರಗೆ ಡಾಂಬರು ಕರಗುವ ಜುಲೈ.

ಶುಕ್ರವಾರ ರೂವಿಯ ಚರ್ಚಿನಲ್ಲಿ ಪೂಜೆ ಮುಗಿಸಿ, ಊಟ ಮಾಡಿ ಎದುರು ಮನೆಗೆ ಹೋಗುವುದೆಂದು ನಿಗದಿಯಾಯಿತು. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಹೇಳುವರು, ನಾನು ಹೆಣೆಯುವೆ. ಒಂದು ಸುತ್ತಿಗೆ ಅರವತ್ತು ಕುಣಿಕೆ. ಹನ್ನೆರಡರ ಚಿತ್ತಾರ, ಅದು ಐದು ಸಲ ಬಂದರೆ ಒಂದು ಸುತ್ತು. "ಲಾಲ್ ತೀನ್, ಸಫೇದ್ ಏಕ್, ಲಾಲ್ ಏಕ್, ಸಫೇದ್ ದೋ..." ಎಂದು ಹನ್ನೆರಡನ್ನು ಹೇಳಿ, ಕೊನೆಗೆ "ಪಾಂಚ್ ಬಾರ್" ಎನ್ನುವರು. ಅದು ಮಾತಿನ ಹಾಗಿರಲಿಲ್ಲ, ನಮ್ಮಲ್ಲಿ ಜಪಮಾಲೆ ಹಿಡಿದು ತೇರ್ಸ ಹೇಳುವ ಹಿರಿಯರ ದನಿಯ ಹಾಗೆ ಒಂದೇ ಏರಿಳಿತದಲ್ಲಿ ಹರಿಯುತ್ತಿತ್ತು. ಇಪ್ಪತ್ತೊಂದು ಸುತ್ತಿನ ಪಟ್ಟಿ.

ಒಂದೇ ಕಟ್ಟಳೆ: ಎಣಿಕೆಯ ನಡುವೆ ಮಾತಾಡಬಾರದು. ಮೊದಲ ಶುಕ್ರವಾರ ನಾನು ತಡವರಿಸಿ "ಏನಂದ್ರಿ ಅಮ್ಮಾಜಿ?" ಎಂದು ಕೇಳಿಬಿಟ್ಟೆ. ಅಜ್ಜಿಯ ಕಣ್ಣು ತೆರೆಯಿತು, ತುಟಿ ಅಲ್ಲಾಡಿತು, ಮುಂದಿನದು ಬರಲಿಲ್ಲ. ಮೊದಲನೇ ಸುತ್ತಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬರಬೇಕಾಯಿತು. ಹಾಗೆ ಬರುವಾಗ ಮತ್ತೊಮ್ಮೆ ಎಡವಿ, ಮತ್ತೆ ಮೊದಲಿನಿಂದ. ಗಂಟೆ ಹೊತ್ತು ಹಿಡಿಯಿತು. ಅವರ ಹಣೆಯಲ್ಲಿ ಬೆವರು ನಿಂತಿತ್ತು. ತಾಯಿ ಹೇಳಿಕೊಟ್ಟದ್ದು ಹೀಗೆಯೇ, ಒಂದು ದಾರದಲ್ಲಿ ಪೋಣಿಸಿದ ಹಾಗೆ ಇದೆ, ನಡುವೆ ಕೈ ಹಾಕಿದರೆ ಎಲ್ಲ ಉದುರುತ್ತದೆ ಎಂದರು. ಆಮೇಲೆ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಮೂರನೇ ಶುಕ್ರವಾರ... ಆ ದಿನ ಚೆನ್ನಾಗಿ ನೆನಪಿದೆ, ನೆನಪಿರಬೇಕಾದದ್ದೊಂದನ್ನು ಬಿಟ್ಟು. ಹಿಂದಿನ ದಿನ ಆಫೀಸಿನಲ್ಲಿ ಒಂದು ಟೆಂಡರಿನ ಕಾಗದಪತ್ರ ಮುಗಿಸಿ ಬರುವಾಗ ಹತ್ತು ಗಂಟೆ ಕಳೆದಿತ್ತು. ನನಗೆ ಕೂತಲ್ಲೇ ತೂಕಡಿಕೆ. ಸುತ್ತಿನ ಮೇಲೆ ಸುತ್ತು ಸರಾಗವಾಗಿ ಬರುತ್ತಿತ್ತು. ಒಂದು ಸುತ್ತಿನಲ್ಲಿ ಅಜ್ಜಿ ಹನ್ನೆರಡನ್ನು ಹೇಳಿ "ಚಾರ್ ಬಾರ್" ಎಂದರು. ನಾಲ್ಕೇ ಸಲ. ಐದನೆಯದನ್ನು ಬೇರೆಯಾಗಿ, ನಿಧಾನವಾಗಿ, ಒಂದೊಂದನ್ನೇ ಹೇಳಿದರು. ಕೆಂಪು ಮೂರು ಇರಬೇಕಾದಲ್ಲಿ ಕೆಂಪು ಒಂದು, ಬಿಳಿ ಒಂದು, ಕೆಂಪು ಒಂದು.

ಅವರು ನಿಧಾನಿಸಿದ್ದನ್ನು ನಾನು ಮರೆವು ಎಂದುಕೊಂಡೆ. ಪಾಪ, ಎಪ್ಪತ್ತರ ಮೇಲಾಯಿತು, ಒಂದು ಕಡೆ ತಪ್ಪಿತು ಎಂದುಕೊಂಡೆ. ಕೇಳೋಣವೆಂದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅವರಿಗೂ ಆಯಾಸ, ನನಗೂ ಆಯಾಸ. ಹಿರಿಯರ ತಪ್ಪನ್ನು ಎತ್ತಿ ಆಡಬಾರದು ಎಂಬ ಒಳ್ಳೆಯತನ ಬೇರೆ. ಅಲ್ಲಿ ಬಿಳಿ ಹಾಕಿದರೆ ಅಷ್ಟು ಚಂದದ ಕೆಂಪಿನ ನಡುವೆ ಒಂದು ಚುಕ್ಕೆ ಕೂರುತ್ತಿತ್ತು. ನನಗೆ ಕೈ ಬರಲಿಲ್ಲ. ಕೆಂಪು ಮೂರು ಹಾಕಿ ಮುಂದೆ ಹೋದೆ.

ಕತ್ತಲಾಗುವ ಮೊದಲು ಅಜ್ಜಿ ಕಾಲುಚೀಲವನ್ನು ಕೇಳಿ ತೆಗೆದುಕೊಂಡು ಒಳಮೈ ಹೊರಗೆ ಮಾಡಿ ತಡವಿದರು. ಎರಡು ಬಣ್ಣದ ಹೆಣಿಗೆಯಲ್ಲಿ ಬೇಡದ ಬಣ್ಣದ ನೂಲು ಒಳಗಡೆಯಿಂದ ಹಾದು ಹೋಗುತ್ತದೆ, ಕಣ್ಣಿಲ್ಲದಿದ್ದರೂ ಬೆರಳಿಗೆ ಒಂದಿಷ್ಟು ತಿಳಿಯುತ್ತದೆ. ಅವರ ಬೆರಳು ಒಂದು ಕಡೆ ನಿಂತಿತು. ಮುಂದೆ ಹೋಗಿ ಹಿಂದೆ ಬಂತು.

"ಠೀಕ್ ಹೈ ಬೇಟಿ?" ಎಂದರು.

"ಠೀಕ್ ಹೈ ಅಮ್ಮಾಜಿ" ಎಂದೆ.

ಅವರು ತಲೆದೂಗಿ ಕಾಲುಚೀಲವನ್ನು ಹಿಂದಕ್ಕೆ ಕೊಟ್ಟರು. ನನ್ನ ಕಣ್ಣಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಬರೆದುಕೊಡುವ ಕೆಲಸವನ್ನು ನಾನು ನನ್ನ ವೃತ್ತಿಗೆ ತಕ್ಕ ಹಾಗೆ ಮಾಡಿದೆ. ಅವರು ಹೇಳುವಾಗ ಹಳೆಯ ಡ್ರಾಯಿಂಗಿನ ಬೆನ್ನಿಗೆ ಪೆನ್ಸಿಲಿನಲ್ಲಿ ಕೆಂ ಮೂರು, ಬಿ ಒಂದು ಎಂದು ಕನ್ನಡದಲ್ಲಿ ಗೀಚಿಕೊಂಡಿದ್ದೆ. ಆ ಒಂಟಿ ಬಿಳಿಯನ್ನೂ ಅವರು ಹೇಳಿದ ಹಾಗೆಯೇ ಬರೆದು, ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿದ್ದೆ. ಆಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು, ಚೌಕ ಚೌಕ ಮಾಡಿ, ಬಣ್ಣ ತುಂಬಿದೆ. ಹನ್ನೆರಡು ಕುಣಿಕೆಯ ಅಗಲವನ್ನು ಒಮ್ಮೆ ತುಂಬಿ, ಅದನ್ನೇ ಕಾಪಿ ಮಾಡಿ ಐದು ಸಲ ಬರುವ ಹಾಗೆ ಅಂಟಿಸಿದೆ. ಒಂದು ಚೌಕ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಣ್ಣದ ಪ್ರಿಂಟು ತೆಗೆದು ಪ್ಲಾಸ್ಟಿಕ್ ಹೊದಿಕೆ ಹಾಕಿದೆ. ಪೆನ್ಸಿಲಿನ ಹಾಳೆಗಳನ್ನು ಕಾಗದ ಕತ್ತರಿಸುವ ಮೆಷಿನ್ನಿಗೆ ಹಾಕಿದೆ. ಹಳೆಯ ರಿವಿಷನ್ ಉಳಿಸಿಕೊಳ್ಳಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ.

ಎರಡನೇ ಕಾಲುಚೀಲವನ್ನು ಆ ಪ್ರಿಂಟು ನೋಡಿಕೊಂಡು ನಾನೊಬ್ಬಳೇ ಹೆಣೆದೆ. ಹಿಮ್ಮಡಿ ತಿರುಗಿಸುವಾಗ ಮಾತ್ರ ಅಜ್ಜಿಯ ಕೈ ಬೇಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಚ್ಚಿನಲ್ಲಿ ಒತ್ತಿದ ಹಾಗಿದ್ದವು. ಅಜ್ಜಿಯ ಮಗ ಎತ್ತಿ ನೋಡಿ, ಮೆಷಿನ್ನಿನಲ್ಲಿ ಮಾಡಿದ ಹಾಗಿದೆ ದೀದಿ ಎಂದು ಹೊಗಳಿದ. ನಾನು ಉಬ್ಬಿಹೋದೆ. ಹೊರಡುವ ವಾರ ಅಜ್ಜಿಯನ್ನು ಮತ್ರಾದ ಸೂಕಿಗೆ, ಅಲ್ಲಿನ ಹಳೆಯ ಪೇಟೆಗೆ, ಕರೆದುಕೊಂಡು ಹೋದೆವು. ಮಗಳಿಗೆ ಏನಾದರೂ ಕೊಳ್ಳಲಿ ಎಂದರೆ, ಅವರು ಕುಮ್ಮಾ ಮಾರುವ ಅಂಗಡಿಯ ಮುಂದೆ ನಿಂತು ಬಿಟ್ಟರು. ಒಮಾನಿ ಗಂಡಸರು ಹಾಕುವ ಆ ಕಸೂತಿಯ ಟೊಪ್ಪಿಯನ್ನು ಒಂದೊಂದಾಗಿ ಬೆರಳಿನಿಂದ ತಡವಿ, ಇದು ಒಬ್ಬಳ ಕೈ, ಇದು ಇನ್ನೊಬ್ಬಳದು ಎಂದು ಹೇಳುತ್ತಿದ್ದರು. ಅಂಗಡಿಯವನು ದಂಗಾಗಿ ಹೌದು ಹೌದು ಎನ್ನುತ್ತಿದ್ದ. ನಾನು ಬಿಸಿಲು ತಾಳಲಾರದೆ ಬನ್ನಿ ಅಮ್ಮಾಜಿ ಎಂದು ಕೈ ಎಳೆದೆ.

ಕಣ್ಣು ಸುಧಾರಿಸಲಿಲ್ಲ. ಇಷ್ಟಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಅಕ್ಟೋಬರಿನಲ್ಲಿ ಅವರು ಊರಿಗೆ ಹೋದರು. ಕಾಲುಚೀಲದ ಜೊತೆಯೂ ಪ್ರಿಂಟೂ ಕೈಚೀಲದಲ್ಲೇ ಇದ್ದವು, ಸೂಟ್‌ಕೇಸಿಗೆ ಹಾಕಲು ಬಿಡಲಿಲ್ಲ.

ಹದಿನೈದು ಇಪ್ಪತ್ತು ದಿನ ಕಳೆದು ಒಂದು ಸಂಜೆ ವಿಡಿಯೋ ಕಾಲ್ ಬಂತು. ಮಗಳು ಫೋನು ಹಿಡಿದಿದ್ದಳು, ಪಕ್ಕದಲ್ಲಿ ಟೊಪ್ಪಿ ಹಾಕಿಕೊಂಡ ಅಜ್ಜಿ. ಮಗಳು ಬಹಳ ಮರ್ಯಾದೆಯಿಂದ ಕೃತಜ್ಞತೆ ಹೇಳಿದಳು. ಆಮೇಲೆ ಅನುಮಾನಿಸುತ್ತಾ ಕೇಳಿದಳು, ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಒಂಟಿ ಬಿಳಿ ಕುಣಿಕೆ ಇರಬೇಕಿತ್ತಲ್ಲ ದೀದಿ, ಅಮ್ಮ ಹೇಳಲಿಲ್ಲವಾ? ಮೆಟ್ಟಿಲು, ಹೂ ಎಲ್ಲ ಕಣಿವೆಯ ಎಲ್ಲರ ಮನೆಯಲ್ಲೂ ಇದೇ ಅಂತೆ, ಬಜಾರಿನಲ್ಲಿ ಪ್ರವಾಸಿಗಳಿಗೆ ಮಾರುವುದೂ ಇದೇ. ಮನೆಯಿಂದ ಮನೆಗೆ ಬೇರೆಯಾಗುವುದು ಆ ಒಂದು ಕುಣಿಕೆ. ಮದುವೆಮನೆಯಲ್ಲಿ ಐವತ್ತು ಜೊತೆ ಒಣಹಾಕಿದ್ದರೆ ಅದನ್ನು ನೋಡಿ ತಮ್ಮದನ್ನು ಹೆಕ್ಕಿಕೊಳ್ಳುತ್ತಿದ್ದರಂತೆ. ಚಿಕ್ಕವಳಿದ್ದಾಗ ನೋಡಿದ್ದೇನೆ, ಎಲ್ಲಿ ಎಂದು ಗೊತ್ತಿಲ್ಲ ಎಂದಳು.

ಆ ನಿಧಾನದ "ಚಾರ್ ಬಾರ್" ಏಕೆಂದು ಆಗ ಹೊಳೆಯಿತು. ಹೇಳಲಿಕ್ಕೆ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅಜ್ಜಿಯೇ ಫೋನಿನ ಹತ್ತಿರ ಮುಖ ತಂದರು. ಕ್ಯಾಮೆರಾ ಎಲ್ಲಿದೆ ಎಂದು ತಿಳಿಯದೆ ಬೇರೆಲ್ಲೋ ನೋಡುತ್ತಿದ್ದರು.

"ನನ್ನದೇ ತಪ್ಪು ಬೇಟಿ. ನಿನಗೆ ಹೇಳಲು ಮರೆತೆ. ಈಗ ಎಣಿಸಿದರೆ ಒಮ್ಮೆ ಒಂದು ಕಡೆ ಬರುತ್ತದೆ, ಇನ್ನೊಮ್ಮೆ ಇನ್ನೊಂದು ಕಡೆ."

"ವಯಸ್ಸಾಯಿತಲ್ಲ ಅಮ್ಮಾಜಿ, ಮರೆವು ಸಹಜ" ಎಂದೆ.

ಹೌದು, ಅಷ್ಟೇ ಎಂದದ್ದು. ಒಲೆಯ ಮೇಲೆ ಸಾರು ಇತ್ತು, ತಲೆ ಸಿಡಿಯುತ್ತಿತ್ತು, ನಾಳೆ ಹೇಳಿದರಾಯಿತು ಎಂದುಕೊಂಡೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಯಾವುದೂ ಅಲ್ಲ. ನಾಚಿಕೆಯಾಯಿತು. ಅಷ್ಟು ಹೊಗಳಿಸಿಕೊಂಡ ಮೇಲೆ, ನಾನೇ ತಿದ್ದಿದೆ ಎಂದು ಆ ಹೆಂಗಸರಿಬ್ಬರ ಮುಂದೆ ಹೇಳಲು ಮುಖ ಇರಲಿಲ್ಲ. ಆವತ್ತು ಹೇಳಿದ್ದರೆ ಸುತ್ತು ಯಾವುದೆಂದೂ ನೆನಪಿತ್ತು. ಅದಕ್ಕಿಂತ ಹೆಚ್ಚಾಗಿ, ನೀವು ಸರಿಯಾಗಿಯೇ ಹೇಳಿದ್ದಿರಿ ಎಂಬ ಒಂದು ಮಾತು ಸಾಕಿತ್ತು. ಅಜ್ಜಿ ಕಣ್ಣು ಮುಚ್ಚಿ ಮೊದಲನೇ ಸುತ್ತಿನಿಂದ ಹೇಳಿಕೊಂಡು ಬರುತ್ತಿದ್ದರು, ಆ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ತಮ್ಮ ಮೇಲೆಯೇ ನಂಬಿಕೆ ಹೋದವರಿಗೆ ಎಣಿಕೆ ಎಲ್ಲಿ ನಿಂತೀತು?

ನಾಳೆ ನಾಳೆ ಎಂದು ದಿನ ಹೋದವು. ಆ ಚಳಿಗಾಲ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಲಿಫ್ಟಿನ ಹತ್ತಿರ ಅಜ್ಜಿಯ ಮಗ ಸಿಕ್ಕಿದ. ಗಡ್ಡ ಬೆಳೆದಿತ್ತು. ಅಮ್ಮ ಹೋದಳು ದೀದಿ ಎಂದ. ದಾರಿಯಲ್ಲಿ ಹಿಮ ಬಿದ್ದು ತನಗೆ ಹೋಗಿ ಮುಟ್ಟಲಿಕ್ಕೂ ಆಗಲಿಲ್ಲ ಎಂದ. ಕೊನೆಗೆ ಏನಾದರೂ ಮಾತಾಡಿದರೇ ಎಂದು ಕೇಳಿದೆ. ಮಾತು ಕಡಿಮೆಯಾಗಿತ್ತು, ಬೆರಳು ಮಡಚಿಕೊಂಡು ಏನೋ ಎಣಿಸುತ್ತಿರುತ್ತಿದ್ದಳಂತೆ ಎಂದ. ನಾನು ಆಫೀಸಿಗೆ ಹೋದೆ. ಆ ದಿನ ಏನು ಕೆಲಸ ಮಾಡಿದೆನೋ ದೇವರಿಗೇ ಗೊತ್ತು.

ಆಮೇಲೆ ಅವನಿಗೆ ಸೋಹಾರಿಗೆ ವರ್ಗವಾಯಿತು. ನಾವೂ ಮನೆ ಬದಲಾಯಿಸಿದೆವು. ಪಾಪನಿವೇದನೆಗೆ ಹೋದಾಗ ಸಣ್ಣಪುಟ್ಟ ಸುಳ್ಳುಗಳ ಜೊತೆ ಇದನ್ನೂ ಸೇರಿಸಿ ಹೇಳಿದ್ದೇನೆ, ಪ್ರಾಯಶ್ಚಿತ್ತಕ್ಕೆ ಕೊಟ್ಟ ಜಪವನ್ನೂ ಮುಗಿಸಿದ್ದೇನೆ. ಹಗುರವಾಗಲಿಲ್ಲ. ಹೇಳಬೇಕಾದವರಿಗೆ ಹೇಳದೆ ಬೇರೆಯವರಿಗೆ ಹೇಳಿದರೆ ಹೇಗೆ ಹಗುರವಾದೀತು? ದಣಿವು ಎಂದರೆ ಮೈಯದ್ದು ಎಂದು ನಾನು ಬಹಳ ಕಾಲ ತಿಳಿದುಕೊಂಡಿದ್ದೆ. ಈ ಒಂದು ವಿಷಯವನ್ನು ಹೊತ್ತುಕೊಂಡು ತಿರುಗಿದ್ದೂ ಅದರಲ್ಲಿ ಸೇರಿತ್ತು.

ಏಸಿ ಸೋರಿದ ದಿನ ಆಫೀಸಿನಿಂದ ಬಂದು ಹಳೆಯ ಫೋನಿನಿಂದ ಮಗಳ ನಂಬರು ಹುಡುಕಿದೆ. ಹಿಂದಿಯಲ್ಲಿ ಬರೆಯಲು ಬಾರದು, ಹಾಗಾಗಿ ದನಿಯಲ್ಲೇ ಕಳಿಸಿದೆ. ಮೂರು ಸಲ ಅಳಿಸಿ ನಾಲ್ಕನೇ ಸಲ ಪೂರ್ತಿ ಹೇಳಿದೆ. ಅಮ್ಮಾಜಿ ಹೇಳಿದ್ದರು, ನಿಧಾನವಾಗಿ ಸರಿಯಾಗಿ ಹೇಳಿದ್ದರು, ತಿದ್ದಿದವಳು ನಾನು, ಆಮೇಲೆ ಮುಚ್ಚಿಟ್ಟವಳೂ ನಾನು. ಸರಿಯಾಗಿದೆಯೇ ಎಂದು ಬೆರಳಿಟ್ಟು ಕೇಳಿದಾಗಲೂ ಸರಿಯಾಗಿದೆ ಎಂದೆ.

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಊಟದ ಹೊತ್ತಿಗೆ ಫೋನು ಬಂತು. ಬೈಯುತ್ತಾಳೆಂದು ಸಿದ್ಧಳಾಗಿಯೇ ಎತ್ತಿದೆ, ಬೈದರೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ. ಆ ತುದಿಯಲ್ಲಿ ಹೆಂಗಸರ ಮಾತು, ನಗು ಕೇಳುತ್ತಿತ್ತು, ಗುಂಪು ಹೆಣೆಯಲು ಕೂತಿರಬೇಕು. ಈಗಲೂ ಆ ಪ್ರಿಂಟನ್ನೇ ಇಟ್ಟುಕೊಂಡು ಹೆಣೆಯುತ್ತಾರಂತೆ.

"ಹಾಗಾದರೆ ಅಮ್ಮನಿಗೆ ಮರೆತಿರಲಿಲ್ಲ" ಎಂದಳು.

ಇಲ್ಲ ಎಂದೆ.

ಆ ಕಡೆಯ ನಗು ದೂರವಾಯಿತು, ಎದ್ದು ಹೊರಗೆ ಬಂದಳೋ ಏನೋ. ಆಮೇಲೆ, ಈಗಲಾದರೂ ಹಾಕಬಹುದಲ್ಲ, ಯಾವ ಸುತ್ತು ದೀದಿ ಎಂದು ಕೇಳಿದಳು.

ನಾನು ಕಣ್ಣು ಮುಚ್ಚಿ ಮೊದಲನೇ ಸುತ್ತಿನಿಂದ ಶುರು ಮಾಡಿದೆ. ಹದಿಮೂರೋ, ಹದಿನೈದೋ... ಅವಳು ಕಾಯುತ್ತಿದ್ದಳು. ನನಗೆ ಗೊತ್ತಿಲ್ಲ ಎಂದು ಹೇಳಬೇಕಾಯಿತು.